ತೆರೆದ ಕಾರಿಗೊಂದು ಗವುಸು: ಮನೆಯಲ್ಲೇ ಹೊಲಿಯುವ ಕ್ರಮ

ಮೇಲ್ಛಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ಹಳೆಯ ಕಾರುಗಳ ಸೊಗಸೆಲ್ಲ ಅವುಗಳ ತೆರೆದ ಒಡಲಿನಲ್ಲಿದೆ. ಅವುಗಳಿಗೆ ಒದಗುವ ಹಾನಿಯ ಬಹುಪಾಲು ಬರುವುದೂ ಅದೇ ದಾರಿಯಿಂದ. ಬಿಸಿಲಿಗೆ ಆಸನದ ಚರ್ಮ ಸೀಳುತ್ತದೆ, ಡ್ಯಾಷ್‌ಬೋರ್ಡಿನ ಮೇಲ್ಮೈ ಬಿರಿಯುತ್ತದೆ, ಧೂಳು ಗಡಿಯಾರಗಳ ಸಂದಿಯಲ್ಲಿ ಕೂರುತ್ತದೆ. ಹತ್ತು ನಿಮಿಷದ ಮಳೆಯಾದರೂ ಸಾಕು, ನೆಲಹಾಸಿನ ಕೆಳಗೆ ನಿಂತ ನೀರು ವಾರಗಟ್ಟಲೆ ಆರದೆ ತಗಡನ್ನು ತಿನ್ನುತ್ತದೆ. ಪ್ರತಿ ಬಾರಿ ನಿಲ್ಲಿಸಿದಾಗಲೂ ಛಾವಣಿಯನ್ನು ಎತ್ತಿ ಕಟ್ಟುವುದು ತ್ರಾಸದ ಕೆಲಸ. ಇದಕ್ಕೆ ಪರಿಹಾರವಾಗಿ ಬಂದದ್ದು, ಆಸನಗಳ ಪ್ರದೇಶವನ್ನಷ್ಟೇ ಡ್ಯಾಷ್‌ಬೋರ್ಡಿನಿಂದ ಹಿಂಭಾಗದ ತಗಡಿನವರೆಗೆ ಚಪ್ಪಟೆಯಾಗಿ ಮುಚ್ಚುವ ಬಟ್ಟೆಯ ಗವುಸು. ಇಂಗ್ಲಿಷಿನವರು ಇದನ್ನು ‘ಟನೋ ಕವರ್’ ಎನ್ನುತ್ತಾರೆ.

ಟನೋ ಎಂಬುದು ಫ್ರೆಂಚ್ ಮೂಲದ ಶಬ್ದ. ಪೀಪಾಯಿ ಎಂಬುದು ಅದರ ಅರ್ಥ. ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳಲ್ಲಿ ಹಿಂದಿನ ಆಸನಗಳು ಗುಂಡಗಿನ ತೊಟ್ಟಿಯಂತಹ ಭಾಗದಲ್ಲಿ ಇರುತ್ತಿದ್ದವು, ಹತ್ತುವ ಬಾಗಿಲು ಹಿಂಬದಿಗೆ ಇರುತ್ತಿತ್ತು. ಆ ತೊಟ್ಟಿಗೆ ಬಂದ ಹೆಸರು ಮುಂದೆ ತೊಟ್ಟಿಯನ್ನು ಮುಚ್ಚುವ ಬಟ್ಟೆಗೆ ಅಂಟಿಕೊಂಡಿತು. ತೊಟ್ಟಿ ಮರೆಯಾಗಿ ನೂರು ವರ್ಷವಾದರೂ ಹೆಸರು ಉಳಿದಿದೆ.

ಗವುಸನ್ನು ಇತರ ಎರಡು ಹೊದಿಕೆಗಳೊಂದಿಗೆ ಬೆರೆಸಬಾರದು. ಮಡಚಿದ ಛಾವಣಿಯ ಗಂಟನ್ನು ಮಾತ್ರ ಮುಚ್ಚುವ ಕಿರಿಯ ಬಟ್ಟೆ ಬೇರೆ. ಇಡೀ ಕಾರಿಗೆ ತಲೆಯಿಂದ ಕಾಲಿನವರೆಗೆ ಹೊದಿಸುವ ಹೊದಿಕೆ ಬೇರೆ. ಗವುಸಿನ ವಿಶೇಷವೆಂದರೆ ಅದು ಓಡುವ ಕಾರಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ. ನಡುವೆ ಉದ್ದುದ್ದ ಜಿಪ್ ಇರುವುದರಿಂದ ಚಾಲಕನ ಅರ್ಧವನ್ನು ಮಾತ್ರ ತೆರೆದು, ಪಕ್ಕದ ಖಾಲಿ ಆಸನದ ಅರ್ಧವನ್ನು ಮುಚ್ಚಿಯೇ ಇಟ್ಟು ಓಡಿಸಬಹುದು. ಇಂಗ್ಲೆಂಡಿನ ಚಳಿಯಲ್ಲಿ ಹೀಗೆ ಮಾಡಿದರೆ ಹೀಟರಿನ ಬಿಸಿಗಾಳಿ ಕಾಲ ಬಳಿಯೇ ಉಳಿಯುತ್ತದೆ. ನಮ್ಮಲ್ಲಿ ಆ ಲಾಭ ಬೇಕಿಲ್ಲದಿದ್ದರೂ ಪಕ್ಕದ ಆಸನದ ಮೇಲಿಟ್ಟ ಸಾಮಾನು ಹಾರಿಹೋಗದು, ಧೂಳಾಗದು.

ಉದಾಹರಣೆಗೆ ಎಂ.ಜಿ.ಬಿ.

ಇಂದಿನ ಓದುಗರಿಗೆ ಎಂ.ಜಿ. ಎಂದೊಡನೆ 2019ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹೆಕ್ಟರ್ ನೆನಪಾಗಬಹುದು. ಆದರೆ ಆ ಎರಡಕ್ಷರಗಳ ಮೂಲ ಆಕ್ಸ್‌ಫರ್ಡಿನ ಮಾರಿಸ್ ಗರಾಜಸ್ ಎಂಬ ಮಳಿಗೆ. ಅದರ ಸ್ಪೋರ್ಟ್ಸ್ ಕಾರುಗಳು ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. 1955ರಿಂದ 1962ರವರೆಗೆ ಎಂ.ಜಿ.ಎ., ಆಮೇಲೆ 1962ರಿಂದ 1980ರವರೆಗೆ ಎಂ.ಜಿ.ಬಿ. ಗಾಜಿನ ಹಿಂಬಾಗಿಲಿನ ಮುಚ್ಚಿದ ಮಾದರಿಯನ್ನೂ ಸೇರಿಸಿದರೆ ಎಂ.ಜಿ.ಬಿ. ಕುಟುಂಬದ 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ತೆರೆದ ಹಳೆಯ ಕಾರುಗಳ ಪೈಕಿ ಜಗತ್ತಿನಾದ್ಯಂತ ಹೆಚ್ಚು ಕಾಣಸಿಗುವವುಗಳಲ್ಲಿ ಇದೂ ಒಂದಾದ್ದರಿಂದ ಇಲ್ಲಿನ ವಿವರಣೆಗೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಟ್ರಯಂಫ್ ಸ್ಪಿಟ್‌ಫೈರ್, ಆಸ್ಟಿನ್-ಹೀಲಿ ಸ್ಪ್ರೈಟ್‌ಗಳಿಗೂ ಕ್ರಮ ಇದೇ, ಅಳತೆ ಮಾತ್ರ ಬೇರೆ.

ಈ ಕಾರಿನ ವಿಷಯದಲ್ಲಿ ಗವುಸು ಬರಿಯ ಅಲಂಕಾರವಲ್ಲ ಎಂಬುದಕ್ಕೆ ಕಾರಣವಿದೆ. ಎಂ.ಜಿ.ಎ.ಗೆ ಪ್ರತ್ಯೇಕ ಚಾಸಿಸ್ ಇತ್ತು, ಎಂ.ಜಿ.ಬಿ.ಗೆ ಇಲ್ಲ. ತಗಡಿನ ಒಡಲೇ ಅದರ ಅಸ್ಥಿಪಂಜರ. ಮೇಲೆ ಛಾವಣಿಯ ಆಧಾರ ಇಲ್ಲದಿರುವುದರಿಂದ ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಹೊಸ್ತಿಲುಗಳೂ ನೆಲದ ತಗಡೂ ಕಾರಿನ ಭಾರವನ್ನೆಲ್ಲ ಹೊರುತ್ತವೆ. ಒಳಗೆ ನಿಂತ ನೀರು ಮೊದಲು ಮುಟ್ಟುವುದು ಇವನ್ನೇ. ಹೊಸ್ತಿಲು ತುಕ್ಕು ಹಿಡಿದ ಕಾರು ಹೊರಗೆ ಮಿರುಗುತ್ತಿದ್ದರೂ ನಡುವೆ ಬಾಗತೊಡಗುತ್ತದೆ, ಬಾಗಿಲುಗಳು ಕೂಡುವುದಿಲ್ಲ. ಈ ರೋಗ ಎಷ್ಟು ವ್ಯಾಪಕವಾಗಿತ್ತೆಂದರೆ, ಕಾರಿನ ಉತ್ಪಾದನೆ ನಿಂತು ಎಂಟು ವರ್ಷಗಳಾದ ಮೇಲೆ, 1988ರಲ್ಲಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಬಳಸಿ ಎಂ.ಜಿ.ಬಿ.ಯ ಹೊಸ ಒಡಲುಗಳನ್ನು ಮಾಡಿ ಮಾರಲು ತೊಡಗಿತು.

ಸಿದ್ಧ ಗವುಸುಗಳು ವಿದೇಶದ ಬಿಡಿಭಾಗದ ವ್ಯಾಪಾರಿಗಳಲ್ಲಿ ದೊರೆಯುತ್ತವೆ. ಆದರೆ ತರಿಸುವಾಗ ಎಡವುವವರು ಅನೇಕರು. ಸ್ಟಿಯರಿಂಗ್ ಚಕ್ರಕ್ಕೆಂದು ಗವುಸಿನಲ್ಲಿ ಉಬ್ಬಿದ ಚೀಲವೊಂದು ಇರುವುದರಿಂದ ಎಡಗೈ ಚಾಲನೆಯ ಕಾರಿನ ಗವುಸು ನಮ್ಮ ಬಲಗೈ ಚಾಲನೆಯ ಕಾರಿಗೆ ಬಾರದು. ತಲೆದಿಂಬು ಇರುವ ಆಸನ, ಇಲ್ಲದ ಆಸನಗಳಿಗೂ ವ್ಯತ್ಯಾಸವಿದೆ. 1968ರಿಂದ ಅಮೆರಿಕಕ್ಕೆ ಹೋದ ಕಾರುಗಳ ಡ್ಯಾಷ್‌ಬೋರ್ಡಿಗೆ ದಪ್ಪ ಮೆತ್ತೆಯಿತ್ತು. ಅದರ ಅಂಚು ಉಳಿದವುಗಳ ಅಂಚಿಗೆ ಹೊಂದುವುದಿಲ್ಲ. ಹೊಲಿಗೆ ಯಂತ್ರದ ಪರಿಚಯವುಳ್ಳವರಿಗೆ ಎರಡು ಮೂರು ರಜಾದಿನಗಳ ಕೆಲಸವಾದ ಇದನ್ನು ಮನೆಯಲ್ಲಿಯೇ ಮಾಡುವುದು ಲೇಸೆಂದು ತೋರುತ್ತದೆ. ಯಂತ್ರದ ಪರಿಚಯ ಇಲ್ಲದವರು ಮಾದರಿಯನ್ನು ತಾವು ತೆಗೆದು ಹೊಲಿಗೆಯನ್ನು ಬೇರೆಯವರಿಗೆ ಒಪ್ಪಿಸಬಹುದು. ಮಲೆನಾಡು, ಕೊಡಗಿನ ಪೇಟೆಗಳಲ್ಲಿ ಜೀಪುಗಳ ಹುಡ್ ಹೊಲಿಯುವವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಬಟ್ಟೆಯ ಆಯ್ಕೆ

ಕಾರ್ಖಾನೆಯಿಂದ ಬಂದ ಗವುಸುಗಳು ಬಹುಮಟ್ಟಿಗೆ ವಿನೈಲ್ ಲೇಪಿತ ಬಟ್ಟೆಯವು. ನಮ್ಮಲ್ಲಿ ಅದಕ್ಕೆ ರೆಕ್ಸಿನ್ ಎಂದೇ ಹೆಸರು. ನೀರನ್ನು ಸಂಪೂರ್ಣ ತಡೆಯುತ್ತದೆ, ಒರೆಸಿದರೆ ಶುಭ್ರವಾಗುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಉಸಿರಾಡದು. ಒಳಗಿನ ಆವಿ ಒಳಗೇ ಉಳಿಯುತ್ತದೆ. ಬಿಸಿಲಿನಲ್ಲಿ ವರ್ಷಗಳು ಕಳೆದಂತೆ ಅದನ್ನು ಮೆತ್ತಗಿಡುವ ಎಣ್ಣೆಯಂಶ ಆರಿಹೋಗಿ ರೆಕ್ಸಿನ್ ಗಡಸಾಗುತ್ತದೆ, ಕುಗ್ಗುತ್ತದೆ. ಸೋಫಾಕ್ಕೆಂದು ಮಾರುವ ತೆಳು ರೆಕ್ಸಿನ್ ಹೊರಗಿನ ಬಿಸಿಲಿಗೆ ಬೇಗ ಸೋಲುತ್ತದಾದ್ದರಿಂದ ವಾಹನ ಅಥವಾ ದೋಣಿಗೆಂದು ತಯಾರಾದದ್ದನ್ನೇ ಕೇಳಿ ಪಡೆಯಬೇಕು.

ಎರಡನೆಯದು ಅಕ್ರಿಲಿಕ್ ಕ್ಯಾನ್ವಾಸ್. ಇದರ ನೂಲಿಗೆ ಬಣ್ಣವನ್ನು ನೂಲು ಎಳೆಯುವ ಮೊದಲೇ ಬೆರೆಸಿರುವುದರಿಂದ ಮಾಸುವುದು ತಡ. ಸ್ವಲ್ಪ ಗಾಳಿಯಾಡುತ್ತದೆ, ಕುಗ್ಗುವುದಿಲ್ಲ. ದೋಣಿಗಳ ಹೊದಿಕೆಗೆ ಜಗತ್ತಿನಲ್ಲೆಲ್ಲ ಇದೇ ಬಳಕೆಯಲ್ಲಿದೆ. ಹತ್ತಿಯ ಕ್ಯಾನ್ವಾಸು ಹಳೆಯ ಕಾರಿಗೆ ಚೆನ್ನಾಗಿ ಒಪ್ಪುತ್ತದೆ, ನೆನೆದಾಗ ಎಳೆಗಳು ಉಬ್ಬಿ ರಂಧ್ರ ಮುಚ್ಚಿಕೊಳ್ಳುವ ಗುಣವೂ ಅದಕ್ಕಿದೆ. ಆದರೆ ಕತ್ತರಿಸುವ ಮುನ್ನ ನೆನೆಸಿ ಒಣಗಿಸದಿದ್ದರೆ ಮೊದಲ ಮಳೆಗೇ ಕುಗ್ಗಿ ಗುಂಡಿಗಳು ಸಿಕ್ಕದಂತಾಗುತ್ತವೆ. ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುವುದು ಖಂಡಿತ. ನೀಲಿ ಪ್ಲಾಸ್ಟಿಕ್ ತಾಡಪಾಲನ್ನು ಈ ಕೆಲಸಕ್ಕೆ ಎಂದಿಗೂ ಬಳಸಬಾರದು. ಗಾಳಿಗೆ ಅದರ ಅಂಚು ಬಣ್ಣವನ್ನು ಉಜ್ಜಿ ತೆಗೆಯುತ್ತದೆ.

ಬಯಲುಸೀಮೆಯ ಬಿಸಿಲಿಗೆ ಅಕ್ರಿಲಿಕ್, ಮೂಲರೂಪಕ್ಕೆ ನಿಷ್ಠರಾದವರಿಗೆ ರೆಕ್ಸಿನ್ ಎನ್ನಬಹುದು. ಬಣ್ಣದ ಬಗ್ಗೆ ಒಂದು ಮಾತು: ಕಪ್ಪು ಗವುಸು ಸೊಗಸಾಗಿ ಕಾಣುತ್ತದಾದರೂ ನಮ್ಮ ಏಪ್ರಿಲ್ ತಿಂಗಳಿಗೆ ಅದು ಹೇಳಿದ್ದಲ್ಲ.

ರೆಕ್ಸಿನ್ ಸಾಮಾನ್ಯವಾಗಿ 137 ಸೆಂ.ಮೀ. ಪನ್ನದಲ್ಲಿ ಬರುತ್ತದೆ. ಜಿಪ್ಪಿನ ಕಾರಣ ಗವುಸು ಹೇಗೂ ಎರಡು ಹೋಳುಗಳಾಗಿರುವುದರಿಂದ ಒಂದು ಹೋಳು ಈ ಪನ್ನದಲ್ಲಿ ಸುಲಭವಾಗಿ ಅಡಗುತ್ತದೆ. ಎಂ.ಜಿ.ಬಿ.ಯಷ್ಟು ಅಗಲದ ಕಾರಿಗೆ 3 ಮೀಟರು ಕೊಂಡರೆ ಚೀಲ, ಪಟ್ಟಿಗಳಿಗೂ ಮಿಗುತ್ತದೆ. ಎರಡೂ ಹೋಳುಗಳನ್ನು ಬಟ್ಟೆಯ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು. ಇಲ್ಲವಾದರೆ ಒಂದು ಹಿಗ್ಗಿ ಇನ್ನೊಂದು ಹಿಗ್ಗದೆ ಜಿಪ್ಪಿನ ಗೆರೆ ಸೊಟ್ಟಗಾಗುತ್ತದೆ.

ದಾರ ಪಾಲಿಯೆಸ್ಟರಿನದೇ ಆಗಬೇಕು. ಹತ್ತಿಯ ದಾರ ಕೊಳೆಯುತ್ತದೆ. ನೈಲಾನ್ ಗಟ್ಟಿಯಾದರೂ ಬಿಸಿಲಿನಲ್ಲಿ ಪಾಲಿಯೆಸ್ಟರಿಗಿಂತ ಬೇಗ ಶಿಥಿಲವಾಗುತ್ತದೆ. ಸೂಜಿ 16 ಅಥವಾ 18ನೆಯ ನಂಬರಿನದು. ಕಾಲಿನಿಂದ ತುಳಿಯುವ ಹಳೆಯ ಕಬ್ಬಿಣದ ಯಂತ್ರಗಳು ನಾಲ್ಕು ಮಡಿಕೆ ರೆಕ್ಸಿನ್ನನ್ನು ನಿಧಾನವಾಗಿಯಾದರೂ ಹೊಲಿಯುತ್ತವೆ. ಹೊಸ ಹಗುರ ಯಂತ್ರಗಳಿಗೆ ಇದು ಕಷ್ಟ. ಹೊಲಿಗೆ 3ರಿಂದ 4 ಮಿ.ಮೀ. ಉದ್ದವಿರಲಿ. ಬಿಗಿಯಾಗಲೆಂದು ಸಣ್ಣ ಹೊಲಿಗೆ ಹಾಕಿದರೆ ರೆಕ್ಸಿನ್ ಅಂಚೆಚೀಟಿಯ ಅಂಚಿನಂತೆ ತೂತುಬಿದ್ದು ಅಲ್ಲಿಯೇ ಹರಿಯುತ್ತದೆ. ಗುಂಡುಸೂಜಿ ಚುಚ್ಚಿದ ತೂತೂ ರೆಕ್ಸಿನ್ನಿನಲ್ಲಿ ಮುಚ್ಚಿಕೊಳ್ಳುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಇಲ್ಲಿ ಹೆಚ್ಚು ಉಪಯುಕ್ತ.

ಮಾದರಿ ತೆಗೆಯುವುದು

ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಇಲ್ಲಿ ಅರ್ಧ ದಿನ ಹೆಚ್ಚು ವ್ಯಯಿಸಿದವರು ಮುಂದೆ ಬಟ್ಟೆಯನ್ನು ಹಾಳುಮಾಡುವುದಿಲ್ಲ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ತೊಳೆದು ಒಣಗಿಸಬೇಕು. ಧೂಳಿನ ಮೇಲೆ ಹಾಳೆ ಎಳೆದಾಡಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಕಿಟಕಿಯ ಗಾಜುಗಳು ಪೂರ್ತಿ ಕೆಳಗಿರಲಿ. ಚಕ್ರಗಳು ನೇರವಿದ್ದು ಸ್ಟಿಯರಿಂಗ್ ಸಹಜ ಸ್ಥಿತಿಯಲ್ಲಿರಲಿ. ಆಸನಗಳು ಮಾಲೀಕನು ಕುಳಿತು ಓಡಿಸುವ ಸ್ಥಾನದಲ್ಲಿಯೇ ಇರಲಿ. ಛಾವಣಿಯ ಚೌಕಟ್ಟಿನ ವಿಷಯವನ್ನೂ ಈಗಲೇ ನಿರ್ಧರಿಸಬೇಕು. ಆರಂಭದ ಎಂ.ಜಿ.ಬಿ.ಗಳಲ್ಲಿ ಬಿಚ್ಚಿ ಡಿಕ್ಕಿಯಲ್ಲಿ ಇಡುವ ಛಾವಣಿಯೂ ಇತ್ತು, ಆಸನಗಳ ಹಿಂದೆ ಮಡಚಿಕೊಳ್ಳುವ ಛಾವಣಿಯೂ ಇತ್ತು. ಎರಡನೆಯದಾದರೆ ಮಡಚಿದ ಗಂಟಿನ ಮೇಲಿಂದಲೇ ಅಳತೆ ತೆಗೆಯಬೇಕಾಗುತ್ತದೆ.

ಮಾದರಿಗೆ ಪತ್ರಿಕೆಯ ಹಾಳೆ ಬೇಡ, ಹರಿಯುತ್ತದೆ. ಹಳೆಯ ಹಾಸಿಗೆಯ ಬಟ್ಟೆ ಅದಕ್ಕಿಂತ ಕೆಟ್ಟದ್ದು. ಓರೆಯಾಗಿ ಎಳೆದರೆ ಹಿಗ್ಗಿ ಸುಳ್ಳು ಅಳತೆ ಕೊಡುತ್ತದೆ. ಕಟ್ಟಡದ ಕೆಲಸಕ್ಕೆ ಬಳಸುವ ದಪ್ಪನೆಯ ಪಾರದರ್ಶಕ ಪಾಲಿಥೀನ್ ಹಾಳೆ ಉತ್ತಮ. ಕೆಳಗಿನ ಗುಂಡಿ, ಅಂಚು, ಬಾಗುಗಳೆಲ್ಲ ಕಾಣುತ್ತವೆ, ಮಾರ್ಕರ್ ಲೇಖನಿಯಿಂದ ಗೆರೆ ಎಳೆಯಬಹುದು. ಡ್ಯಾಷ್‌ಬೋರ್ಡಿನ ನಡುವಿನಿಂದ ಹಿಂಭಾಗದ ತಗಡಿನ ನಡುವಿನವರೆಗೆ ಒಂದು ದಾರ ಬಿಗಿದು ಅದನ್ನೇ ಮಧ್ಯರೇಖೆಯೆಂದು ಹಾಳೆಯ ಮೇಲೆ ಗುರುತಿಸಬೇಕು. ಬಳಿಕ ನಡುವಿನಿಂದ ಅಂಚುಗಳ ಕಡೆಗೆ ಸುಕ್ಕು ತೆಗೆಯುತ್ತ ಮಾಸ್ಕಿಂಗ್ ಟೇಪಿನಿಂದ ಅಂಟಿಸುತ್ತ ಹೋಗಬೇಕು.

ಒಂದು ಬದಿಯ ಮಾದರಿಯನ್ನು ತೆಗೆದು ಮಗುಚಿ ಇನ್ನೊಂದು ಬದಿಗೆ ಬಳಸುವ ಆಸೆ ಯಾರಿಗೂ ಬರುತ್ತದೆ. ಆ ಆಸೆಗೆ ಬಲಿಯಾಗಬಾರದು. ಆ ಕಾಲದ ಒಡಲುಗಳ ಎಡ ಬಲಗಳಲ್ಲಿ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಸಹಜ. ಒಮ್ಮೆ ಅಪಘಾತವಾಗಿ ತಿದ್ದಿಸಿದ ಕಾರಾದರೆ ಇನ್ನೂ ಹೆಚ್ಚು. ಎರಡೂ ಬದಿಗಳನ್ನು ಬೇರೆ ಬೇರೆಯಾಗಿಯೇ ತೆಗೆದು, ಪ್ರತಿ ಹಾಳೆಯ ಮೇಲೆ ‘ಮುಂದೆ’, ‘ಬಲ’, ‘ಮೇಲ್ಮುಖ’ ಎಂದು ಬರೆಯಬೇಕು. ಬಟ್ಟೆ ಕತ್ತರಿಸುವಾಗ ಸುತ್ತಲೂ 4 ಸೆಂ.ಮೀ. ಹೆಚ್ಚು ಬಿಡುವುದು ಅವಶ್ಯ. ಅದರಲ್ಲಿ ಅಂಚಿನ ಎರಡು ಮಡಿಕೆಯೂ ಆಗುತ್ತದೆ, ತಪ್ಪನ್ನು ತಿದ್ದಲು ಎಡೆಯೂ ಇರುತ್ತದೆ.

ಸ್ಟಿಯರಿಂಗಿನ ಚೀಲವೇ ಎಲ್ಲಕ್ಕಿಂತ ನಾಜೂಕು. ಚಕ್ರದ ಮೇಲ್ಭಾಗ ಗವುಸಿನ ಮಟ್ಟಕ್ಕಿಂತ ಎತ್ತರದಲ್ಲಿ ಇರುವುದರಿಂದ ಅಲ್ಲಿ ಬಟ್ಟೆ ಚಪ್ಪಟೆಯಾಗಿ ಕೂರದು. ಪಾಲಿಥೀನನ್ನು ಚಕ್ರದ ಮೇಲೆ ಸಡಿಲವಾಗಿ ಹಾಸಿ, ಚಕ್ರವು ಗವುಸನ್ನು ಸೀಳಿ ಮೇಲೆ ಬರುವ ಗೆರೆಯನ್ನು ಗುರುತಿಸಿ ಅಷ್ಟನ್ನು ಕತ್ತರಿಸಬೇಕು. ಆ ತೆರಪಿಗೆ ಎರಡು ತುಂಡುಗಳ ಚೀಲ ಹೊಂದಿಸಲಾಗುತ್ತದೆ: ಮೇಲೆ ಅರ್ಧಚಂದ್ರದಂತಹ ತುಂಡು, ಅದರ ಸುತ್ತ ನಿಂತಿರುವ ಪಟ್ಟಿ. ಎರಡು ಬೆರಳು ಸಡಿಲವಿರಲಿ. ಬಿಗಿಯಾದ ಚೀಲವನ್ನು ತೊಡಿಸಿ ತೆಗೆಯುವುದರಲ್ಲೇ ಹೊಲಿಗೆ ಬಿಡುತ್ತದೆ. ಕೂಡುಹೊಲಿಗೆಗಳು ಚೀಲದ ನೆತ್ತಿಯ ಮೇಲೆ ಬಾರದೆ ಪಕ್ಕಕ್ಕೆ ಇರಬೇಕು. ಸೂಜಿಯ ಪ್ರತಿ ತೂತೂ ನೀರಿಗೆ ದಾರಿಯಷ್ಟೇ. ಇದೇ ಕಾರಣಕ್ಕೆ, ಎಲ್ಲಿ ಒಂದು ತುಂಡು ಇನ್ನೊಂದರ ಮೇಲೆ ಬರುತ್ತದೆಯೋ ಅಲ್ಲಿ ಹೆಂಚು ಹೊದಿಸಿದಂತೆ ಮೇಲಿನ ತುಂಡು ಕೆಳಗಿನದನ್ನು ಮುಚ್ಚಿರಬೇಕು.

ಜಿಪ್ಪು, ಅಂಚು

ಜಿಪ್ಪು ದಪ್ಪ ಹಲ್ಲಿನ ಪ್ಲಾಸ್ಟಿಕ್ಕಿನದಾಗಿರಲಿ. ಡೇರೆ, ದೊಡ್ಡ ಚೀಲಗಳಿಗೆ ಹಾಕುವ 10ನೆಯ ನಂಬರಿನದು ಸರಿಹೋಗುತ್ತದೆ. ಲೋಹದ ಹಲ್ಲುಗಳು ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತವೆ, ಬಣ್ಣಕ್ಕೂ ಗೀರೆಳೆಯುತ್ತವೆ. ಜಿಪ್ಪಿನ ಮುಚ್ಚಿದ ತುದಿ ಹಿಂಬದಿಗೆ, ತೆರೆಯುವ ತುದಿ ಡ್ಯಾಷ್‌ಬೋರ್ಡಿನ ಕಡೆಗೆ ಇರಬೇಕು. ಹಿಂದಿನ ಅಂಚಿಗೆ ಒಂದು ಗೇಣು ಇರುವಾಗಲೇ ಜಿಪ್ಪು ನಿಂತರೆ ಗವುಸು ಒಂದೇ ಅಖಂಡ ವಸ್ತುವಾಗಿ ಉಳಿಯುತ್ತದೆ. ಮುಂದಿನಿಂದ ಹಿಂದಕ್ಕೆ ಎಳೆದು ಚಾಲಕನ ಅರ್ಧವನ್ನು ಆಸನದ ಹಿಂದಕ್ಕೆ ಮಡಚಿಡಬಹುದು. ಜಿಪ್ಪಿನ ಮೇಲೆ ಮೂರು ನಾಲ್ಕು ಸೆಂಟಿಮೀಟರಿನ ಮುಚ್ಚುಪಟ್ಟಿ ಇರಲೇಬೇಕು. ಗುಂಡಿಗಳು ಬರುವ ಅಂಚಿನ ಮಡಿಕೆಯೊಳಗೆ ನವಾರಿನ ಪಟ್ಟಿಯನ್ನು ಸೇರಿಸಿ ಹೊಲಿದರೆ ಗುಂಡಿ ಬಟ್ಟೆಯನ್ನು ಕಿತ್ತುಕೊಂಡು ಬರುವುದಿಲ್ಲ.

ಗುಂಡಿಗಳು: ಕೊರೆಯುವ ಮುನ್ನ

ಹಳೆಯ ಬ್ರಿಟಿಷ್ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಗುಂಡಿಗಳು ಕಾಣುತ್ತವೆ. ‘ಲಿಫ್ಟ್ ದಿ ಡಾಟ್’ ಎಂಬುದು ಮೂರು ಬದಿಗಳಲ್ಲಿ ಕಚ್ಚಿಕೊಂಡು ಒಂದೇ ಬದಿಯಲ್ಲಿ ಬಿಡುವಂಥದು. ಬಿಡುವ ಬದಿಯನ್ನು ಚುಕ್ಕೆಯೊಂದು ತೋರಿಸುತ್ತದೆ. ಈ ಚುಕ್ಕೆ ಸದಾ ಬಟ್ಟೆಯ ಹೊರ ಅಂಚಿನ ಕಡೆಗೆ ಇರಬೇಕು. ಒಳಮುಖವಾಗಿ ಕೂರಿಸಿದರೆ ಗವುಸಿನ ಎಳೆತವೇ ಗುಂಡಿಯನ್ನು ಬಿಚ್ಚುತ್ತದೆ. ಎರಡನೆಯದು ಟೆನಾಕ್ಸ್, ನೆತ್ತಿಯ ಚಿಕ್ಕ ಗುಬ್ಬಿಯನ್ನು ಎಳೆದಾಗ ಮಾತ್ರ ಬಿಡುತ್ತದೆ. ಉಡುಪಿಗೆ ಹಾಕುವ ಟಿಚ್ ಬಟನ್ ನೋಡಲು ಹೋಲುತ್ತದಾದರೂ ಓಡುವ ಕಾರಿನ ಗಾಳಿಗೆ ನಿಲ್ಲುವುದಿಲ್ಲ. ಅರ್ಧ ಬಿಚ್ಚಿಕೊಂಡ ಗವುಸು ಹೆದ್ದಾರಿಯಲ್ಲಿ ಚಾಲಕನ ಮುಖಕ್ಕೆ ಬಡಿಯಬಹುದು, ಹಾರಿ ಹಿಂದಿನ ದ್ವಿಚಕ್ರ ಸವಾರನ ಮೇಲೆ ಬೀಳಲೂಬಹುದು.

ತಯಾರಕರೇ ಕೂರಿಸಿದ ಮೊಳೆಗಳು ಕಾರಿನಲ್ಲಿ ಇದ್ದರೆ ಅವಕ್ಕೇ ಗವುಸನ್ನು ಹೊಂದಿಸಿಕೊಳ್ಳಬೇಕು. ಹಳೆಯ ಬಣ್ಣದ ಪದರಗಳ ಕೆಳಗೆ ಮುಚ್ಚಿಹೋದ ತೂತುಗಳು ಇರುವುದೂ ಉಂಟು. ಒಳಬದಿಯಿಂದ ಬೆರಳಾಡಿಸಿ ನೋಡುವುದು ಒಳಿತು. ಏನೂ ಇಲ್ಲವಾದಾಗ ಹೊಸದಾಗಿ ಕೊರೆಯುವ ಪ್ರಶ್ನೆ ಏಳುತ್ತದೆ. ಈ ಲೇಖಕನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಯ ದಾರಿ. ಕೊರೆದ ತೂತಿನ ಅಂಚಿನಲ್ಲಿ ಬಣ್ಣವಿಲ್ಲದ ಉಕ್ಕು ಬಯಲಾಗುತ್ತದೆ; ತುಕ್ಕು ಅಲ್ಲಿಂದ ಬಣ್ಣದ ಅಡಿಯಲ್ಲಿ ಹರಡುತ್ತದೆ. ಬಾಗಿಲಿನಲ್ಲಿ ಕೊರೆದರೆ ತಿರುಪಿನ ಮೊನೆ ಒಳಗೆ ಇಳಿಯುವ ಗಾಜಿಗೆ ತಗುಲಬಹುದು. ನೀರಿನಿಂದ ಕಾರನ್ನು ಉಳಿಸಲು ಹೊರಟು ನೀರಿಗೆ ಹನ್ನೆರಡು ಹೊಸ ಬಾಗಿಲು ತೆರೆದಂತಾಗುತ್ತದೆ. ಅನಿವಾರ್ಯವೇ ಆದರೆ ತೂತಿಗೆ ಸತುವಿನ ಪ್ರೈಮರ್ ಬಳಿದು, ಸ್ಟೇನ್‌ಲೆಸ್ ತಿರುಪಿನ ಕೆಳಗೆ ಸೀಲೆಂಟ್ ಹಚ್ಚಿ ಕೂರಿಸಬೇಕು.

ಕಾರನ್ನು ನಿಲ್ಲಿಸಿದಾಗ ಮಾತ್ರ ಬಳಸುವ ಗವುಸಾದರೆ ಕೊರೆಯುವ ಅಗತ್ಯವೇ ಇಲ್ಲ. ಎರಡೂ ಪಕ್ಕದ ಅಂಚುಗಳನ್ನು ಒಂದು ಗೇಣು ಇಳಿಬಿಟ್ಟು, ಅಂಚಿನ ಮಡಿಕೆಯಲ್ಲಿ ತೂಕಕ್ಕೆ ಮರಳು ತುಂಬಿದ ಸಣ್ಣ ಕೊಳವೆಯಂತಹ ಚೀಲಗಳನ್ನು ಸೇರಿಸಿದರೆ ಗವುಸು ಬಾಗಿಲ ಮೇಲಿಂದ ಹೊರಕ್ಕೆ ಜೋತು ನಿಲ್ಲುತ್ತದೆ; ನೀರೂ ಹೊರಕ್ಕೇ ಬೀಳುತ್ತದೆ. ಮುಂಭಾಗದಲ್ಲಿ ಗಾಳಿತಡೆ ಗಾಜಿನ ಕಂಬಗಳ ಬುಡಕ್ಕೆ ಕಟ್ಟುವ ಪಟ್ಟಿಗಳು ಸಾಕು. ಆಯಸ್ಕಾಂತ ಹೊಲಿಯುವವರೂ ಇದ್ದಾರೆ. ಅದು ಉಕ್ಕಿನ ತಗಡಿಗಷ್ಟೇ ಹಿಡಿಯುತ್ತದೆ, ಅಲ್ಯೂಮಿನಿಯಂ ಒಡಲಿಗೆ ಇಲ್ಲ. ಕಬ್ಬಿಣದ ಪುಡಿ, ಮರಳನ್ನು ಅಂಟಿಸಿಕೊಂಡು ಬಣ್ಣಕ್ಕೆ ಉಜ್ಜುತ್ತದೆ. ಮೆತ್ತನೆಯ ಉಣ್ಣೆಬಟ್ಟೆಯ ಚೀಲದಲ್ಲಿಟ್ಟು ಹೊಲಿದು ಪ್ರತಿಬಾರಿ ಒರೆಸುವ ತಾಳ್ಮೆ ಇರುವವರಿಗೆ ಮಾತ್ರ ಅದು.

ಗುಂಡಿ ಕೂರಿಸುವ ಕ್ರಮಕ್ಕೂ ಮಹತ್ವವಿದೆ. ಎಲ್ಲವನ್ನೂ ಮೊದಲೇ ಅಳೆದು ಕೂರಿಸಬಾರದು. ಹಿಂಭಾಗದ ನಡುವಿನದು ಮೊದಲು, ಬಳಿಕ ಮುಂಭಾಗದ ನಡುವಿನವು, ಆಮೇಲೆ ಎಡಕ್ಕೊಂದು ಬಲಕ್ಕೊಂದರಂತೆ ಮೂಲೆಗಳ ಕಡೆಗೆ. ಪ್ರತಿ ಬಾರಿಯೂ ಕೈಯಿಂದ ಎಳೆದು ಮೊಳೆಯ ಗುರುತು ಬಟ್ಟೆಯ ಮೇಲೆ ಮೂಡಿದ ನಂತರವೇ ತೂತು ಮಾಡಬೇಕು. ರೆಕ್ಸಿನ್ ಆದರೆ ಈ ಕೆಲಸವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಪೂರ್ತಿ ಎಳೆದು ಮಾಡುವುದು ಬೇಡ. ಬಿಸಿಗೆ ಮೆತ್ತಗಾಗಿ ಹಿಗ್ಗಿದ್ದ ಗವುಸು ಡಿಸೆಂಬರಿನ ಬೆಂಗಳೂರಿನ ಮುಂಜಾವಿಗೆ ಸೆಟೆದುಕೊಂಡಾಗ ಕಡೆಯ ಎರಡು ಗುಂಡಿಗಳು ಯಾರ ಬಲಕ್ಕೂ ಬಗ್ಗುವುದಿಲ್ಲ.

ಮೇಲೆ ನಿಲ್ಲುವ ನೀರು

ಚಪ್ಪಟೆಯಾದ ಬಟ್ಟೆ ನಡುವೆ ಕುಸಿದು ಕೆರೆಯಾಗುತ್ತದೆ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಗವುಸಿನ ವಿಸ್ತಾರ ಒಂದೂವರೆ ಚದರ ಮೀಟರ್ ಎಂದಿಟ್ಟುಕೊಂಡರೆ 20 ಮಿ.ಮೀ.ನ ಒಂದು ಸಂಜೆಮಳೆಗೆ 30 ಲೀಟರ್, ಅಂದರೆ 30 ಕಿಲೋ ಭಾರ. ಹೊಲಿಗೆಗಳು ಬಾಯಿಬಿಡಲು, ಡ್ಯಾಷ್‌ಬೋರ್ಡಿನ ಮೊಳೆಗಳು ಕಿತ್ತುಬರಲು ಇಷ್ಟು ಸಾಕು.

ಇದಕ್ಕೆ ಸರಳ ಉಪಾಯವೆಂದರೆ ಮನೆಯ ಮಾಡಿಗೆ ಇರುವಂತಹ ಒಂದು ತೊಲೆ. ಡ್ಯಾಷ್‌ಬೋರ್ಡಿನ ನಡುವಿನಿಂದ ಹಿಂಭಾಗದವರೆಗೆ, ಜಿಪ್ಪಿನ ಕೆಳಗೆ ಸರಿಯಾಗಿ, ತುದಿಗಳಿಗೆ ಮೆತ್ತೆ ಸುತ್ತಿದ ಹಗುರ ಮರದ ಪಟ್ಟಿಯೊಂದನ್ನು ಇಟ್ಟರೆ ಗವುಸು ಎರಡೂ ಕಡೆಗೆ ಇಳಿಜಾರಾಗುತ್ತದೆ. ನಡುವೆ ಗೇರುಪೆಟ್ಟಿಗೆಯ ಉಬ್ಬಿನ ಮೇಲೆ ಒಂದು ಊರೆಗೋಲು ಕೊಡಬಹುದು. ಇದರಿಂದ ಗವುಸು ಚಿಕ್ಕದಾಗಿಬಿಡುವುದೆಂಬ ಭಯ ಬೇಡ. ಅರ್ಧದ ಅಗಲ 60 ಸೆಂ.ಮೀ. ಇದ್ದು ನಡುವನ್ನು 6 ಸೆಂ.ಮೀ. ಎತ್ತಿದರೆ ಪ್ರತಿ ಬದಿಗೆ ಬೇಕಾಗುವ ಹೆಚ್ಚುವರಿ ಬಟ್ಟೆ 3 ಮಿ.ಮೀ. ಮಾತ್ರ, 10 ಸೆಂ.ಮೀ. ಎತ್ತಿದರೂ ಸುಮಾರು 8 ಮಿ.ಮೀ. ಅಷ್ಟೇ. ಬಟ್ಟೆಯ ಹಿಗ್ಗಿನಲ್ಲಿಯೇ ಅದು ಅಡಗುತ್ತದೆ. ಗಾಳಿ ತುಂಬಿದ ದೊಡ್ಡ ಚೆಂಡನ್ನು ನಡುವೆ ಇಟ್ಟು ಕೆಲಸ ಸಾಗಿಸುವವರೂ ಉಂಟು, ಚೆಂಡು ಉರುಳದಿದ್ದರೆ ಸರಿ.

ಒಳಗಿನ ತೇವ

ಹೊರಗಿನ ನೀರನ್ನು ತಡೆದ ಗವುಸೇ ಒಳಗಿನ ನೀರನ್ನೂ ಹಿಡಿದಿಡುತ್ತದೆ. ನೆನೆದ ನೆಲಹಾಸಿನ ಮೇಲೆ ಗವುಸು ಬಿಗಿದು ಕಾರನ್ನು ವಾರಗಟ್ಟಲೆ ಬಿಡುವುದು, ಗವುಸಿಲ್ಲದೆ ಬಿಡುವುದಕ್ಕಿಂತ ಕೆಟ್ಟದ್ದು. ಹಗಲು ಆವಿಯಾದ ನೀರು ರಾತ್ರಿ ರೆಕ್ಸಿನ್ನಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಆಸನದ ಮೇಲೇ ಬೀಳುತ್ತದೆ. ಚರ್ಮಕ್ಕೆ ಬೂಷ್ಟು, ತಗಡಿಗೆ ತುಕ್ಕು, ಎರಡೂ ಹೊರಗಿನಿಂದ ಕಾಣದಂತೆ ಬೆಳೆಯುತ್ತವೆ. ಆದ್ದರಿಂದ ಮುಚ್ಚುವ ಮುನ್ನ ನೆಲಹಾಸನ್ನು ಎತ್ತಿ ಕೆಳಗೆ ಅಂಗೈ ಇಟ್ಟು ನೋಡಬೇಕು. ತಂಪು ತಾಗಿದರೆ ಹಾಸನ್ನು ಹೊರತೆಗೆದು ಬಿಸಿಲಿಗೆ ಹಾಕಬೇಕು. ಹಿಂದಿನ ಮೂಲೆಗಳಲ್ಲಿ, ಮಡಿಕೆಯ ಮರೆಯಲ್ಲಿ, ಜಾಲರಿ ಹಚ್ಚಿದ ಎರಡು ಗಾಳಿಕಿಂಡಿಗಳನ್ನು ಬಿಟ್ಟರೆ ತೇವ ಹೊರಹೋಗಲು ದಾರಿಯಾಗುತ್ತದೆ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆಯಾಗುವ ಮಂಗಳೂರಿನಂತಹ ಊರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಯಾವ ಗವುಸನ್ನೂ ನಂಬದೆ ಕಾರನ್ನು ಸೂರಿನಡಿ ನಿಲ್ಲಿಸುವುದೇ ಯುಕ್ತ.

ತೆಗೆದ ಗವುಸನ್ನು ಮಡಚುವುದಕ್ಕಿಂತ ಸುರುಳಿ ಸುತ್ತುವುದು ಮೇಲು. ಮಡಿಕೆಯ ಗೆರೆಯಲ್ಲಿಯೇ ರೆಕ್ಸಿನ್ ಮೊದಲು ಬಿರಿಯುತ್ತದೆ. ಗುಂಡಿಗಳು ಒಳಮುಖವಾಗಿರಲಿ, ಒಳಮೈ ಪೂರ್ತಿ ಒಣಗಿರಲಿ. ಜಿಪ್ಪಿನ ಹಲ್ಲಿಗೆ ಆಗಾಗ ಮೇಣದಬತ್ತಿಯನ್ನು ಉಜ್ಜಿದರೆ ಸರಾಗವಾಗಿ ಓಡುತ್ತದೆ. ಎಣ್ಣೆ ಹಚ್ಚಿದರೆ ಧೂಳು ಕೂರುತ್ತದೆ. ಪಾಲಿಥೀನ್ ಮಾದರಿಯನ್ನು ಮಾತ್ರ ಎಸೆಯಬಾರದು. ಅದನ್ನು ಗುರುತುಗಳ ಸಹಿತ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರೆ, ಕೆಲವು ವರ್ಷಗಳ ನಂತರ ಎರಡನೆಯ ಗವುಸು ಹೊಲಿಯಲು ಒಂದು ದಿನ ಸಾಕಾಗುತ್ತದೆ.